ತಾರಸಿಯ ಮೇಲೊಂದು ಜರ್ಕ್ ಚಿಕನ್

ನಮ್ಮ ಊರುಗಳ ಕೆಫೆಗಳಲ್ಲಿ ಈಗ ಜರ್ಕ್ ಚಿಕನ್ ಸಿಗುತ್ತದೆ, ಅಂದರೆ ಕೆರಿಬಿಯನ್ ದ್ವೀಪ ಜಮೈಕಾದ, ಮಸಾಲೆ ತಿಕ್ಕಿ ಹೊಗೆಯಲ್ಲಿ ಬೇಯಿಸಿದ ಕೋಳಿ. ಹೆಸರು ಮೆನುವಿನಲ್ಲಿ ಇರುತ್ತದೆ, ಪ್ಲೇಟಿನಲ್ಲಿ ಬರುವುದು ಮಾತ್ರ ಹೆಚ್ಚಿನ ಸಲ ಖಾರದ ಸಾಸ್ ಸುರಿದ ಗ್ರಿಲ್ ಚಿಕನ್. ಕೆಲವು ಕಡೆ ಮೇಲೆ ಚಾಟ್ ಮಸಾಲೆ ಉದುರಿಸಿ, ಪಕ್ಕದಲ್ಲಿ ಪುದೀನ ಚಟ್ನಿಯನ್ನೂ ಇಟ್ಟಿರುತ್ತಾರೆ. ತಿನ್ನೋದಕ್ಕೆ ಚೆನ್ನಾಗಿಯೇ ಇರುತ್ತದೆ, ಆ ಬಗ್ಗೆ ತಕರಾರಿಲ್ಲ. ಆದರೆ ಅದಕ್ಕೆ ಜಮೈಕಾದ ಹೆಸರು ಯಾಕೆ ಬೇಕಿತ್ತು ಅಂತ ಪ್ರತಿ ಸಲ ಅನ್ನಿಸುತ್ತದೆ. ಜರ್ಕ್‌ನಲ್ಲಿ ಮಸಾಲೆಯದು ಅರ್ಧ ಪಾಲು. ಉಳಿದ ಅರ್ಧ ಬೆಂಕಿಯದು, ಅದರಲ್ಲೂ ಹೊಗೆಯದು. ಆ ಅರ್ಧವನ್ನೇ ಬಿಟ್ಟರೆ ಕೈಯಲ್ಲಿ ಉಳಿಯುವುದು ಇನ್ನೊಂದು ಬಗೆಯ ಕಬಾಬ್.

ಈ ಹಟ ನನಗೆ ಅಂಟಿಕೊಂಡದ್ದು ಲಂಡನ್ನಿನಲ್ಲಿ. ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದೆ, ಬ್ರಿಕ್ಸ್‌ಟನ್‌ಗೆ ಹತ್ತಿರದ ಒಂದು ಹಳೆಯ ಮನೆಯ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಇದ್ದ ಅಜ್ಜಿ ಜಮೈಕಾದ ಪೋರ್ಟ್‌ಲ್ಯಾಂಡ್ ಪ್ಯಾರಿಷ್‌ನವರು. ಪ್ಯಾರಿಷ್ ಅಂದರೆ ಅಲ್ಲಿನ ಜಿಲ್ಲೆ, ಇಡೀ ದ್ವೀಪದಲ್ಲಿ ಇರೋದು 14. ಬೇಸಿಗೆಯಲ್ಲಿ ಬಿಸಿಲು ಬಂದ ಶನಿವಾರ ಅವರ ಹಿತ್ತಲಿನಿಂದ ಹೊಗೆ ಏಳುತ್ತಿತ್ತು, ನಾನು ಏನಾದರೊಂದು ನೆಪ ಹುಡುಕಿಕೊಂಡು ಕೆಳಗಿಳಿಯುತ್ತಿದ್ದೆ. ಉದ್ದಕ್ಕೆ ಸೀಳಿದ ಕಬ್ಬಿಣದ ಡ್ರಮ್ಮು, ಅದಕ್ಕೆ ಕೀಲು ಹಾಕಿ ಜೋಡಿಸಿದ ಮುಚ್ಚಳ, ಒಳಗೆ ಇದ್ದಲು. ಅಜ್ಜಿ ಚಮಚದಲ್ಲಿ ಏನನ್ನೂ ಅಳೆಯುತ್ತಿರಲಿಲ್ಲ. ಕೋಳಿಯ ತೊಡೆಗೆ ಮೂಳೆ ಮುಟ್ಟುವಷ್ಟು ಆಳಕ್ಕೆ ಚಾಕು ಚುಚ್ಚೋರು, ಆ ಸೀಳಿನೊಳಕ್ಕೆ ಹೆಬ್ಬೆರಳಿನಿಂದ ಮಸಾಲೆ ತುರುಕೋರು. ಮೇಲೆ ಸವರಿದ ಮಸಾಲೆ ಬೆಂಕಿಗೆ, ಒಳಗೆ ತುರುಕಿದ್ದು ಬಾಯಿಗೆ ಅನ್ನೋದು ಅವರ ಲೆಕ್ಕ. ಇದ್ದಲಿನ ಮೇಲೆ ಆಗಾಗ ನೀರಲ್ಲಿ ನೆನೆದ ಪಿಮೆಂಟೊ (ಆಲ್‌ಸ್ಪೈಸ್) ಕಾಳುಗಳನ್ನು ಒಂದು ಹಿಡಿ ಎಸೆಯುತ್ತಿದ್ದರು. ಅದು ಚಟಪಟ ಅಂದು ಬಿಳಿ ಹೊಗೆ ಬಿಡುತ್ತಿದ್ದ ಹಾಗೇ ಮುಚ್ಚಳ ಎಳೆದುಬಿಡೋರು.

ಅವರ ಪ್ರಕಾರ ಇದೂ ಅಷ್ಟಕ್ಕಷ್ಟೇ. ಅಸಲಿ ಜರ್ಕ್ ತಿನ್ನಬೇಕಾದರೆ ಪೋರ್ಟ್ ಆಂಟೋನಿಯೊ ಪಟ್ಟಣದಿಂದ ಪೂರ್ವಕ್ಕೆ ಹೋಗಿ, ಬಾಸ್ಟನ್ ಬೇ ಕಡಲತೀರದಲ್ಲಿ ನಿಲ್ಲಬೇಕು. ರಸ್ತೆಬದಿಯಲ್ಲಿ ಜರ್ಕ್ ಮಾರುವುದು ಹೆಸರಾದದ್ದು ಅಲ್ಲಿಂದ. ಅಲ್ಲಿ ಕಬ್ಬಿಣದ ಜಾಲರಿಯ ಬದಲು ಕೆಂಡದ ಮೇಲೆ ಪಿಮೆಂಟೊ ಮರದ ಹಸಿ ಗಳುಗಳನ್ನೇ ಸಾಲಾಗಿ ಹಾಸುತ್ತಾರೆ. ಮಾಂಸ ಆ ಗಳುಗಳ ಮೇಲೆ ಮಲಗುತ್ತದೆ. ಅದರ ಮೇಲೊಂದು ತಗಡು. ಕೆಳಗಿನ ಶಾಖಕ್ಕೆ ಗಳು ನಿಧಾನವಾಗಿ ಕರಕಲಾಗುತ್ತಾ ಎಣ್ಣೆ ಬಿಡುತ್ತವೆ, ಹೊಗೆ ಬಿಡುತ್ತವೆ, ಮಾಂಸದಿಂದ ಇಳಿದ ಕೊಬ್ಬು ಕೆಂಡಕ್ಕೆ ಬಿದ್ದು ಮತ್ತೆ ಹೊಗೆಯಾಗಿ ಮೇಲೆ ಬರುತ್ತದೆ. ತಗಡಿನಡಿ ಇಷ್ಟೂ ಸೇರಿ ಮಾಂಸ ಅರ್ಧ ಸುಟ್ಟು, ಅರ್ಧ ಹಬೆಯಲ್ಲಿ ಬೆಂದಂತೆ ಆಗುತ್ತದೆ. ಕೋಳಿಗಿಂತ ಮೊದಲು ಇದು ಹಂದಿಯ ಅಡುಗೆ. ಕೋಳಿ ಬಂದದ್ದು ಆಮೇಲೆ.

ಹಂದಿ ಯಾಕೆ ಅನ್ನೋದಕ್ಕೆ ಆ ದ್ವೀಪದ ಚರಿತ್ರೆಗೆ ಹೋಗಬೇಕು. ಜಮೈಕಾದ ಮೂಲನಿವಾಸಿಗಳು ಟೈನೊ ಜನ. ಮಾಂಸವನ್ನು ಕಡ್ಡಿಗಳ ಅಟ್ಟಣೆಯ ಮೇಲೆ ಸಣ್ಣ ಬೆಂಕಿಯಲ್ಲಿ ಒಣಗಿಸಿ ಬೇಯಿಸುವುದು ಅವರಿಗೆ ಗೊತ್ತಿತ್ತು. ಕೊಲಂಬಸ್ 1494ರಲ್ಲಿ ಅಲ್ಲಿಗೆ ಬಂದ. ಹಿಂದೆಯೇ ಬಂದ ಸ್ಪೇನಿನವರು ಹಂದಿಗಳನ್ನು ತಂದರು, ಅವು ತಪ್ಪಿಸಿಕೊಂಡು ಕಾಡು ಸೇರಿದವು. ಆಫ್ರಿಕಾದಿಂದ ಗುಲಾಮರನ್ನೂ ತಂದರು. 1655ರಲ್ಲಿ ಇಂಗ್ಲಿಷರು ದ್ವೀಪದ ಮೇಲೆ ದಾಳಿ ಮಾಡಿದಾಗ ಆ ಗಲಾಟೆಯಲ್ಲಿ ಎಷ್ಟೋ ಗುಲಾಮರು ಬೆಟ್ಟಕ್ಕೆ ಓಡಿದರು. ಪೂರ್ವದಲ್ಲಿ ಬ್ಲೂ ಮೌಂಟನ್ಸ್, ಪಶ್ಚಿಮದಲ್ಲಿ ಕಾಕ್‌ಪಿಟ್ ಕಂಟ್ರಿ. ಈ ಜನರೇ ಮರೂನರು. ಆಮೇಲೆ ಇಂಗ್ಲಿಷರ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡವರೂ ಇವರನ್ನು ಸೇರುತ್ತಾ ಹೋದರು.

ಕಾಡಿನಲ್ಲಿ ಕಾಡುಹಂದಿ ಸಿಗುತ್ತಿತ್ತು. ಪಿಮೆಂಟೊ ಮರ, ಉರಿಖಾರದ ಮೆಣಸಿನಕಾಯಿ ಕೈಗೆಟುಕುವಲ್ಲೇ ಇದ್ದವು. ಉಪ್ಪು ಹೇಗೋ ಹೊಂದಿಸಿಕೊಳ್ಳುತ್ತಿದ್ದರು. ಹೊಡೆದ ಹಂದಿಯನ್ನು ಒಂದೇ ದಿನ ತಿಂದು ಮುಗಿಸಲು ಆಗದು. ಖಾರ, ಉಪ್ಪು, ಮಸಾಲೆ ತಿಕ್ಕಿ ಹೊಗೆಯಲ್ಲಿ ಬೇಯಿಸಿದರೆ ಕೆಲವು ದಿನ ಉಳಿಯುತ್ತದೆ, ಹೆಗಲ ಮೇಲೆ ಹೊತ್ತು ನಡೆಯಬಹುದು. ಹೊಗೆ ಮೇಲೆದ್ದರೆ ಸೈನಿಕರಿಗೆ ಗುರುತು ಸಿಕ್ಕಿಬಿಡುತ್ತದೆ ಅಂತ ಗುಂಡಿ ತೋಡಿ, ಮೇಲೆ ಸೊಪ್ಪು ಮುಚ್ಚಿ ಬೇಯಿಸುತ್ತಿದ್ದರು ಎಂದು ಮರೂನರ ಕಡೆಯವರು ಇವತ್ತಿಗೂ ಹೇಳುತ್ತಾರೆ. ಈಗಿನ ತಗಡು ಆ ಸೊಪ್ಪಿನ ಜಾಗದಲ್ಲಿ ಇದೆ.

ದಶಕಗಳ ಕಾಡು ಯುದ್ಧ ಗೆಲ್ಲಲಾಗದೆ 1739ರಲ್ಲಿ ಬ್ರಿಟಿಷರು ಕುಜೋ ಎಂಬ ಮರೂನ್ ನಾಯಕನ ಜೊತೆ ಒಪ್ಪಂದಕ್ಕೆ ಬರಬೇಕಾಯಿತು. ಪೂರ್ವದ ಬೆಟ್ಟಗಳಲ್ಲಿ ಹೋರಾಟ ನಡೆಸಿದ ಮರೂನ್ ನಾಯಕಿ ನ್ಯಾನಿಯ ಚಿತ್ರ ಈಗ ಜಮೈಕಾದ 500 ಡಾಲರ್ ನೋಟಿನ ಮೇಲಿದೆ. ಇಲ್ಲಿ ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು, ಸುಮ್ನೆ ವೀರಗಾಥೆ ಮಾಡಿದರೆ ಆಗಲ್ಲ. ಮುಂದೆ ಓಡಿಬರುವ ಗುಲಾಮರನ್ನು ಹಿಡಿದು ಒಪ್ಪಿಸಬೇಕು ಎಂಬ ಷರತ್ತೂ ಆ ಒಪ್ಪಂದದಲ್ಲಿ ಇತ್ತು. ಅಜ್ಜಿ ಮರೂನರ ಬಗ್ಗೆ ಮಾತಾಡುವಾಗ ಹೆಮ್ಮೆಯ ಜೊತೆಗೆ ಒಂದು ಸಣ್ಣ ಗೊಣಗಾಟವೂ ಬರುತ್ತಿದ್ದದ್ದು ಇದಕ್ಕೇ.

ಈ ಹಿನ್ನೆಲೆ ಗೊತ್ತಿದ್ದರೆ 2018ರ ಗಲಾಟೆ ಅರ್ಥವಾಗುತ್ತದೆ. ಬ್ರಿಟನ್ನಿನ ಟಿವಿ ಬಾಣಸಿಗ ಜೇಮಿ ಆಲಿವರ್ ಹೆಸರಿನಲ್ಲಿ 'ಪಂಚಿ ಜರ್ಕ್ ರೈಸ್' ಅಂತ ಮೈಕ್ರೋವೇವ್ ಅನ್ನದ ಪ್ಯಾಕೆಟ್ ಅಂಗಡಿಗೆ ಬಂತು. ಜಮೈಕಾ ಮೂಲದ ಬ್ರಿಟಿಷ್ ಸಂಸದೆ ಡಾನ್ ಬಟ್ಲರ್, ಜರ್ಕ್ ಅಂದರೆ ಏನಂತ ನಿಮಗೆ ನಿಜವಾಗಿ ಗೊತ್ತಾ ಎಂದು ಟ್ವಿಟರ್‌ನಲ್ಲಿ ನೇರವಾಗಿ ಕೇಳಿಬಿಟ್ಟರು. ಪತ್ರಿಕೆಗಳೆಲ್ಲ ಇದನ್ನು 'ಯಾರ ಅಡುಗೆಯನ್ನು ಯಾರು ಮಾಡಬಹುದು' ಎಂಬ ಜಗಳ ಮಾಡಿದವು. ನನಗೆ ಆ ಜಗಳದಲ್ಲಿ ಆಸಕ್ತಿ ಕಡಿಮೆ. ಯಾರು ಬೇಕಾದರೂ ಮಾಡಲಿ. ಆದರೆ ಅನ್ನವನ್ನು ಜರ್ಕ್ ಮಾಡೋದು ಹೇಗೆ ಸ್ವಾಮಿ? ಹೊಗೆಯಲ್ಲಿ ಗಂಟೆಗಟ್ಟಲೆ ಬೇಯಬೇಕಾದ ಮಾಂಸದ ಹೆಸರನ್ನು ಮೈಕ್ರೋವೇವ್ ಅನ್ನಕ್ಕೆ ಹಚ್ಚಿದರೆ ಹೊಟ್ಟೆ ಉರಿಯೋದು ಸಹಜ ಅಲ್ವಾ.

ಸರಿ, ಈಗ ಮೈಸೂರಿನ ತಾರಸಿಗೆ ಬರೋಣ.

ಊರಿಗೆ ವಾಪಸಾದ ಮೇಲೆ ಇದನ್ನು ಇಲ್ಲಿ ಮಾಡಬೇಕು ಅಂತ ಹೊರಟಾಗ ಮೊದಲು ಎದುರಾದದ್ದು ಪಿಮೆಂಟೊ ಪ್ರಶ್ನೆ. ಪಿಮೆಂಟೊ ಎಂದರೆ ಆಲ್‌ಸ್ಪೈಸ್. ಒಣಗಿಸಿದ ಕಾಯಿ ದಪ್ಪ ಕರಿಮೆಣಸಿನಂತೆ ಕಾಣುತ್ತದೆ. ಕೊಲಂಬಸ್‌ನ ಕಡೆಯವರೂ ಹಾಗೇ ಅಂದುಕೊಂಡಿದ್ದರು, ಅವರು ಹುಡುಕಿಕೊಂಡು ಹೊರಟದ್ದೇ ನಮ್ಮ ಕರಾವಳಿಯ ಕರಿಮೆಣಸನ್ನು. ಈ ಮರವನ್ನು ದಕ್ಷಿಣ ಕನ್ನಡದವರಿಗೆ ನಾನು ಪರಿಚಯ ಮಾಡಿಸಬೇಕಿಲ್ಲ. ಅಲ್ಲಿ ಹಿತ್ತಲಲ್ಲಿ ಸರ್ವಸಾಂಬಾರ ಅಂತ ಒಂದು ಗಿಡ ಇರುತ್ತದೆ. ಪಲಾವಿಗೆ ಎರಡು ಎಲೆ ಕಿತ್ತು ಹಾಕುತ್ತಾರಲ್ಲ, ಅದೇ ಇದು. ನಮ್ಮಲ್ಲಿ ಎಲೆಗಾಗಿ ಬೆಳೆಸುವವರೇ ಜಾಸ್ತಿ. ಕಾಯಿಯನ್ನು ಮಾತ್ರ ನಾನು ಅಂಗಡಿಯಿಂದಲೇ ತರುತ್ತೇನೆ. ಪುತ್ತೂರಿನಲ್ಲಿರುವ ನಾದಿನಿಯ ತೋಟದಲ್ಲಿ ಇಂಥ ಒಂದು ಮರ ಮನೆ ಎತ್ತರಕ್ಕೆ ಬೆಳೆದಿದೆ. ಮಳೆಗಾಲಕ್ಕೆ ಮುಂಚೆ ಕೊಂಬೆ ಸವರಿದಾಗ ಒಂದು ಕಟ್ಟು ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಕಂಡಕ್ಟರು ಇದೇನು ಔಷಧಿ ಸೊಪ್ಪಾ ಅಂತ ಕೇಳಿದರೆ ಹೌದು ಅಂದುಬಿಡುತ್ತೇನೆ. ಕೋಳಿ ಸುಡುವ ಸೌದೆ ಅಂತ ವಿವರಿಸುತ್ತಾ ನಿಂತರೆ ಬಸ್ಸು ಹೊರಟುಹೋಗುತ್ತದೆ.

ಲವಂಗ, ಚಕ್ಕೆ, ಜಾಯಿಕಾಯಿ ಬೆರೆಸಿದರೆ ಆಲ್‌ಸ್ಪೈಸ್‌ನ ಬದಲಿಗೆ ಆಗುತ್ತದೆ ಅಂತ ಅನೇಕರು ಬರೆಯುತ್ತಾರೆ. ನಾನು ಒಪ್ಪಲ್ಲ. ಲವಂಗದಲ್ಲಿರುವ ಯೂಜಿನಾಲ್ ಎಂಬ ಎಣ್ಣೆಯ ಅಂಶವೇ ಆಲ್‌ಸ್ಪೈಸ್‌ನಲ್ಲೂ ಮುಖ್ಯ, ಅದು ನಿಜ. ಆದರೆ ಆ ಮೂರನ್ನೂ ಬೆರೆಸಿದ ಕೂಡಲೇ ನಮ್ಮ ಮೂಗಿಗೆ ಅದು ಗರಂ ಮಸಾಲೆ. ಆಮೇಲೆ ಎಷ್ಟು ಹೊಗೆ ಹಾಕಿದರೂ ಮದುವೆ ಮನೆ ಬಿರಿಯಾನಿಯ ನೆನಪು ಹೋಗಲ್ಲ. ಕಾಳನ್ನೇ ಕೊಳ್ಳಿ. ದೊಡ್ಡ ಊರುಗಳ ಸಾಂಬಾರ ಪದಾರ್ಥದ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಪುಡಿ ಬೇಡ, ಇಡಿ ಕಾಳು ಇರಲಿ. ಬಾಣಲೆಯಲ್ಲಿ ಬೆಚ್ಚಗೆ ಹುರಿದು ಕುಟ್ಟಿಕೊಳ್ಳಿ.

ಮೆಣಸಿನಕಾಯಿಯ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. ಜಮೈಕಾದವರ ಸ್ಕಾಚ್ ಬಾನೆಟ್ ಸಣ್ಣ ಟೋಪಿಯ ಆಕಾರದ, ಹಳದಿಯೋ ಕೆಂಪೋ ಬಣ್ಣದ ಕಾಯಿ. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ 1 ಲಕ್ಷದಿಂದ 3.5 ಲಕ್ಷದವರೆಗೆ ಹೋಗುತ್ತದೆ. ನಮ್ಮ ಬ್ಯಾಡಗಿ ಆ ಲೆಕ್ಕದಲ್ಲಿ ಹತ್ತಿರಕ್ಕೂ ಬರಲ್ಲ. ಬ್ಯಾಡಗಿ ಇಲ್ಲಿ ಬೇಡವೇ ಬೇಡ, ಖಾರ ಕಡಿಮೆ ಅಂತ ಮಾತ್ರ ಅಲ್ಲ. ಜರ್ಕ್ ಕೆಂಪಗಿರಬಾರದು. ಅದು ಕಂದು, ಅಂಚಿನಲ್ಲಿ ಕಪ್ಪು. ಕೆಂಪು ಬಂದರೆ ನೋಡಿದವರು ತಂದೂರಿ ಅಂದುಬಿಡುತ್ತಾರೆ. ಸ್ಕಾಚ್ ಬಾನೆಟ್‌ನ ದಾಯಾದಿ ಹಬನೇರೊ ಈಗ ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ಸಿಗುತ್ತದೆ, ಕುಂಡದಲ್ಲೂ ಬೆಳೆಯುತ್ತದೆ. ಅದೂ ಇಲ್ಲದಿದ್ದರೆ ಗಾಂಧಾರಿ ಅಥವಾ ಸೂಜಿ ಮೆಣಸು, ಜೊತೆಗೆ ಹಣ್ಣಾದ ಹಳದಿ ದೊಣ್ಣೆಮೆಣಸಿನಕಾಯಿಯ ಒಂದು ತುಂಡು. ಸ್ಕಾಚ್ ಬಾನೆಟ್‌ನಲ್ಲಿ ಖಾರದ ಹಿಂದೆ ಒಂದು ಹಣ್ಣಿನ ಪರಿಮಳ ಇದೆ, ದೊಣ್ಣೆಮೆಣಸು ಅದನ್ನು ಸ್ವಲ್ಪ ಮಟ್ಟಿಗೆ ತಂದುಕೊಡುತ್ತದೆ.

ಥೈಮ್ ಎಂಬ ಪರಿಮಳದ ಸೊಪ್ಪು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಚಿಂತೆ ಬೇಡ, ಮನೆ ಮುಂದಿನ ದೊಡ್ಡಪತ್ರೆ ಕೀಳಿ. ನಾವು ತಂಬುಳಿ, ಬಜ್ಜಿ ಮಾಡುವ ಇದೇ ದೊಡ್ಡಪತ್ರೆಯನ್ನು ಕೆರಿಬಿಯನ್ ದ್ವೀಪಗಳಲ್ಲಿ ಅಗಲ ಎಲೆಯ ಥೈಮ್ ಅಂತ ಕರೆದು ಮಾಂಸಕ್ಕೆ ಅರೆದು ಹಾಕುತ್ತಾರೆ. ಅಜ್ಜಿಯ ಕಿಟಕಿಯಲ್ಲಿ ಅದರ ಕುಂಡ ನೋಡಿ, ಇದು ನಮ್ಮ ಮನೆಯ ಕೆಮ್ಮಿನ ಔಷಧಿ ಅಂದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರ ಮನೆಯಲ್ಲೂ ಅದನ್ನು ಕೆಮ್ಮಿಗೆ ಕೊಡುತ್ತಿದ್ದರಂತೆ. ಎಲೆಯಲ್ಲಿ ನೀರಿನಂಶ ಜಾಸ್ತಿ, ಹಾಗಾಗಿ ಐದಾರು ಎಲೆ ಸಾಕು.

ಒಂದೂವರೆ ಕಿಲೋ ಕೋಳಿಗೆ ನಾನು ಹಾಕುವುದು ಇಷ್ಟು: ಹುರಿದು ಕುಟ್ಟಿದ ಆಲ್‌ಸ್ಪೈಸ್ ಒಂದು ದೊಡ್ಡ ಚಮಚ ತುಂಬ, ಈರುಳ್ಳಿ ಗಿಡ ಒಂದು ಸಣ್ಣ ಕಟ್ಟು ಬುಡ ಸಮೇತ, ಬೆಳ್ಳುಳ್ಳಿ ಏಳೆಂಟು ಎಸಳು, ಹೆಬ್ಬೆರಳುದ್ದ ಶುಂಠಿ, ಎರಡು ಹಬನೇರೊ, ಒಂದು ಚಮಚ ಕರಿಮೆಣಸು, ಕಾಲು ಜಾಯಿಕಾಯಿ ತುರಿದದ್ದು, ಥೈಮ್, ಕಪ್ಪು ಸೋಯಾ ಸಾಸ್ ಎರಡು ದೊಡ್ಡ ಚಮಚ, ಒಂದು ಅಚ್ಚು ಬೆಲ್ಲದಲ್ಲಿ ಅರ್ಧ, ಎರಡು ನಿಂಬೆಹಣ್ಣಿನ ರಸ, ಸ್ವಲ್ಪ ಎಣ್ಣೆ, ಉಪ್ಪು. ಸೋಯಾ ಸಾಸಿನಲ್ಲೇ ಉಪ್ಪಿದೆ ಅನ್ನೋದು ನೆನಪಿರಲಿ. ಎಲ್ಲವನ್ನೂ ತರಿತರಿಯಾಗಿ ಅರೆಯಿರಿ, ಮಿಕ್ಸಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ನುಣ್ಣಗಾದರೆ ಗೊಜ್ಜಾಗುತ್ತದೆ, ಚರ್ಮಕ್ಕೆ ಕಚ್ಚಿಕೊಳ್ಳಲ್ಲ. ಮೊಸರು ಹಾಕಬೇಡಿ. ಧನಿಯಾ, ಜೀರಿಗೆ, ಅರಿಶಿನದ ಡಬ್ಬಿಗಳ ಕಡೆ ಕೈ ತಾನಾಗಿ ಹೋಗುತ್ತದೆ, ತಡೆಯಿರಿ. ಮೆಣಸಿನಕಾಯಿ ಹೆಚ್ಚುವಾಗ ಕೈಗವಸು ಹಾಕಿಕೊಳ್ಳಿ, ಮತ್ತೆ ಸಂಜೆವರೆಗೂ ಕಣ್ಣು ಮುಟ್ಟಬೇಡಿ.

ಕೋಳಿ ಅಂಗಡಿಯಲ್ಲಿ ಒಂದು ಸಣ್ಣ ಹೋರಾಟ ಇದೆ. ನಮ್ಮ ಕಡೆ ಕೇಳದೇನೇ ಚರ್ಮ ಸುಲಿದುಬಿಡುತ್ತಾರೆ. 'ವಿತ್ ಸ್ಕಿನ್' ಅಂತ ಮೊದಲೇ ಹೇಳಿ, ಪೂರ್ತಿ ತೊಡೆ-ಕಾಲು ಒಂದೇ ತುಂಡಾಗಿ ಕೊಡಿ ಅನ್ನಬೇಕು, ಕತ್ತಿ ಎತ್ತುವುದರೊಳಗೆ. ಎದೆಭಾಗ ಈ ಬೆಂಕಿಗೆ ಒಣಗಿ ಹೋಗುತ್ತದೆ. ಮಸಾಲೆ ಹಚ್ಚಿ, ಸೀಳುಗಳೊಳಗೆ ತುರುಕಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡಿ.

ಡ್ರಮ್ಮನ್ನು ನಾನು ವೆಲ್ಡಿಂಗ್ ಅಂಗಡಿಯಲ್ಲಿ ಸೀಳಿಸಿಕೊಂಡೆ. ಅಡುಗೆ ಎಣ್ಣೆ ಬಂದ ಡ್ರಮ್ ಆಗಿರಬೇಕು, ಕೆಮಿಕಲ್ ಡ್ರಮ್ ಅಂತೂ ಬೇಡವೇ ಬೇಡ. ಮಾಡುವ ಮೊದಲು ಖಾಲಿ ಡ್ರಮ್ಮಿನಲ್ಲಿ ಜೋರು ಬೆಂಕಿ ಹಾಕಿ ಒಳಗಿನ ಬಣ್ಣ, ಜಿಡ್ಡು ಎಲ್ಲ ಸುಟ್ಟು ಹೋಗಲಿ. ಇಷ್ಟೆಲ್ಲ ಬೇಡ ಅಂದರೆ ಮುಚ್ಚಳ ಇರುವ ಯಾವ ಬಾರ್ಬೆಕ್ಯೂ ಆದರೂ ಸರಿ. ಮುಚ್ಚಳ ಮಾತ್ರ ಬೇಕೇ ಬೇಕು. ಇದ್ದಲನ್ನು ಒಂದು ಪಕ್ಕಕ್ಕೆ ಗುಡ್ಡೆ ಮಾಡಿ, ಬೂದಿ ಕಟ್ಟಿದ ಮೇಲೆ ಕೋಳಿಯನ್ನು ಇನ್ನೊಂದು ಪಕ್ಕ ಇಡಿ. ನಾನು ಜಾಲರಿಯ ಮೇಲೆ ಸರ್ವಸಾಂಬಾರದ ಹಸಿ ಕಡ್ಡಿಗಳನ್ನು ಹಾಸಿ, ಅದರ ಮೇಲೆ ಚರ್ಮದ ಭಾಗ ಮೇಲೆ ಬರುವಂತೆ ಕೋಳಿ ಇಡುತ್ತೇನೆ. ಕೆಂಡದ ಮೇಲೆ ಒದ್ದೆ ಎಲೆ, ಒಂದು ಹಿಡಿ ನೆನೆದ ಕಾಳು. ಸರ್ವಸಾಂಬಾರ ಇಲ್ಲದವರಿಗೆ ಸೀಬೆ ಮರದ ಕಡ್ಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಪಿಮೆಂಟೊ, ಲವಂಗ, ಸೀಬೆ, ನೇರಳೆ ಎಲ್ಲ ಒಂದೇ ಸಸ್ಯ ಕುಟುಂಬ. ನೀಲಗಿರಿಯೂ ಅದೇ ಕುಟುಂಬದ್ದು, ಆದರೆ ಅದನ್ನು ಹಾಕೀರಿ ಜೋಕೆ, ಕೋಳಿಗೆ ನೆಗಡಿಯಾಗಿ ಯಾರೋ ಅಮೃತಾಂಜನ ಹಚ್ಚಿದ್ದಾರೆ ಅನ್ನಿಸುತ್ತದೆ.

ಒಳಗಿನ ಶಾಖ 150 ಡಿಗ್ರಿ ಸೆಲ್ಸಿಯಸ್ ಸುತ್ತ ಇರಲಿ. ತೊಡೆ ತುಂಡಿಗೆ ಸುಮಾರು ಒಂದು ಗಂಟೆ. ಕೋಳಿ ಒಳಗೆ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ, ಆದರೆ ತೊಡೆಯ ಮಾಂಸ 80 ದಾಟಿದ ಮೇಲೇ ಮೂಳೆ ಬಿಟ್ಟು ಬರುತ್ತದೆ. ಮಧ್ಯೆ ಮಧ್ಯೆ ಮುಚ್ಚಳ ತೆಗೆದು ನೋಡುವ ಚಪಲ ಬೇಡ. ಕೊನೆಯ ಐದು ನಿಮಿಷ ಕೆಂಡದ ನೇರ ಮೇಲೆ ಇಟ್ಟು ಚರ್ಮವನ್ನು ಸುಡಿ. ಆಗ ಬೆಲ್ಲ ಕರಗಿ ಕಪ್ಪಾಗುತ್ತದೆ, ಪಕ್ಕದಲ್ಲೇ ನಿಂತಿರಬೇಕು, ಫೋನ್ ಬಂದರೂ ಎತ್ತಬಾರದು. ಹೊಗೆ ಮೊದಲು ಎಲೆ ಸುಟ್ಟಂತೆ ಒಗರು ವಾಸನೆ ಬರುತ್ತದೆ. ಅರ್ಧ ಗಂಟೆಯ ನಂತರ ಅದು ಲವಂಗದ ಕಡೆಗೆ ತಿರುಗುತ್ತದೆ. ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಎದುರು ಮನೆಯ ಹುಡುಗರು ತಾರಸಿ ಮೇಲೆ ಕ್ರಿಕೆಟ್ ಬಿಟ್ಟು ಇತ್ತ ನೋಡತೊಡಗುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಈ ಭಾಗ್ಯ ಇಲ್ಲ. ನನ್ನ ಗೆಳೆಯನೊಬ್ಬ ಬಾಲ್ಕನಿಯಲ್ಲಿ ಪ್ರಯತ್ನಿಸಿ, ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಚರ್ಚೆಯ ವಸ್ತುವಾಗಿದ್ದ. ಅಂಥವರು ಓವನ್ನಿನಲ್ಲಿ ಮಾಡಿಕೊಳ್ಳಲಿ, ತಟ್ಟೆಯ ತಳಕ್ಕೆ ಸರ್ವಸಾಂಬಾರದ ಎಲೆ ಹಾಸಿದರೆ ಪರಿಮಳವಾದರೂ ಬರುತ್ತದೆ. ಅದನ್ನು ಜರ್ಕ್ ಮಸಾಲೆಯ ಕೋಳಿ ಅಂದರೆ ಸಾಕು.

ಕ್ರಿಕೆಟ್ ಅಂದಾಗ ನೆನಪಾಯಿತು. ನಮ್ಮ ತಲೆಮಾರಿನವರಿಗೆ ಜಮೈಕಾ ಅಂದರೆ 2013ರಲ್ಲಿ ಚಿನ್ನಸ್ವಾಮಿಯಲ್ಲಿ 175 ಹೊಡೆದ ಕ್ರಿಸ್ ಗೇಲ್. ನಮ್ಮಪ್ಪನಿಗೆ ಮಾತ್ರ ಜಮೈಕಾದ ಸಬೀನಾ ಪಾರ್ಕ್ ಮೈದಾನದ 1976ರ ಟೆಸ್ಟ್. ವೆಸ್ಟ್ ಇಂಡೀಸ್ ವೇಗಿ ಹೋಲ್ಡಿಂಗ್ ಬಳಗದ ಬೌಲಿಂಗ್‌ಗೆ ವಿಶ್ವನಾಥರ ಬೆರಳು ಮುರಿದದ್ದು, ಬ್ರಿಜೇಶ್ ಪಟೇಲರ ಬಾಯಿಗೆ ಚೆಂಡು ಬಿದ್ದದ್ದು ಅವರಿಗೆ ಇನ್ನೂ ಸಿಟ್ಟು. ಜರ್ಕ್ ಚಿಕನ್ ತಿನ್ನುವಾಗಲೂ ಒಂದು ಸಲ ಆ ಮಾತು ಬಂದೇ ಬರುತ್ತದೆ. ಎರಡನೇ ತುಂಡು ಕೇಳುವುದೇನೂ ನಿಲ್ಲಿಸಲ್ಲ.

ಜಮೈಕಾದಲ್ಲಿ ನಮ್ಮ ದೇಶದ ಅಡುಗೆಯೂ ಇದೆ, ಅದು ಬೇರೆ ದಾರಿಯಲ್ಲಿ ಬಂದದ್ದು. ಗುಲಾಮಗಿರಿ ಮುಗಿದ ಮೇಲೆ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾದರು. 1845ರ ಮೇ 10ರಂದು ಬ್ಲಂಡೆಲ್ ಎಂಬ ಹಡಗು ಭಾರತದ ಕರಾರು ಕೂಲಿಗಳ ಮೊದಲ ತಂಡವನ್ನು ಓಲ್ಡ್ ಹಾರ್ಬರ್ ಬೇಯಲ್ಲಿ ಇಳಿಸಿತು. ಬಂದವರಲ್ಲಿ ಹೆಚ್ಚಿನವರು ಉತ್ತರ ಭಾರತದವರು. ಅವರ ಮೇಕೆ ಸಾರು ಅಲ್ಲಿ 'ಕರಿ ಗೋಟ್' ಆಗಿ ಈಗ ಯಾವ ಜಮೈಕಾದವರ ಮದುವೆಯಲ್ಲೂ ತಪ್ಪಲ್ಲ. ಅರಿಶಿನ, ಜೀರಿಗೆ ಎಲ್ಲ ಆ ಪಾತ್ರೆಯಲ್ಲಿವೆ. ಜರ್ಕ್‌ನ ಡ್ರಮ್ಮಿಗೆ ಅವು ಬರಲಿಲ್ಲ. ಎರಡು ಅಡುಗೆ ಒಂದೇ ಬೀದಿಯಲ್ಲಿ ಅಕ್ಕಪಕ್ಕ ಮಾರಾಟವಾದರೂ ಅಲ್ಲಿನವರು ಅವನ್ನು ಬೆರೆಸಿಲ್ಲ. ನಾನು ಧನಿಯಾ ಡಬ್ಬಿಯ ಮೇಲೆ ಕೈ ಇಡಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಬೆಂದ ಕೋಳಿಯನ್ನು ಹತ್ತು ನಿಮಿಷ ಹಾಗೇ ಬಿಟ್ಟು, ದಪ್ಪ ಮಚ್ಚಿನಿಂದ ಮೂಳೆ ಸಮೇತ ಕಡಿಯಿರಿ. ಅಲ್ಲಿ ಇದರ ಜೊತೆ ಗಟ್ಟಿ ಬ್ರೆಡ್ ಕೊಡುತ್ತಾರೆ, ಮೆಕ್ಕೆಜೋಳದ ಹಿಟ್ಟು ಹಾಕಿ ಕರಿದ, ಫೆಸ್ಟಿವಲ್ ಎಂಬ ಸಿಹಿ ತಿಂಡಿ ಕೊಡುತ್ತಾರೆ, ಸುಟ್ಟ ಬ್ರೆಡ್‌ಫ್ರೂಟ್ ಕೊಡುತ್ತಾರೆ. ಬ್ರೆಡ್‌ಫ್ರೂಟ್ ಅಂದರೆ ಮಂಗಳೂರಿನವರ ಜೀಗುಜ್ಜೆ. ಗುಲಾಮರಿಗೆ ಅಗ್ಗದ ಊಟ ಆಗಲಿ ಅಂತ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ 1793ರಲ್ಲಿ ಪೆಸಿಫಿಕ್ ಸಾಗರದ ಟಾಹಿಟಿ ದ್ವೀಪದಿಂದ ಸಸಿಗಳನ್ನು ಹಡಗಿನಲ್ಲಿ ಜಮೈಕಾಕ್ಕೆ ತಂದಿದ್ದ. ಜೀಗುಜ್ಜೆಯ ಪೋಡಿ, ಪಲ್ಯ ನಮಗೆ ಗೊತ್ತು. ಇಡಿಯಾಗಿ ಕೆಂಡದಲ್ಲಿ ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು, ಸುಲಿದು, ಹೋಳು ಮಾಡಿ ಉಪ್ಪು ಬೆಣ್ಣೆ ಹಚ್ಚಿದರೆ ಈ ಖಾರಕ್ಕೆ ಅದಕ್ಕಿಂತ ಒಳ್ಳೆಯ ಜೊತೆ ಇನ್ನೊಂದಿಲ್ಲ. ಡ್ರಮ್ಮಿನ ಕೆಂಡ ಹೇಗೂ ಇರುತ್ತದೆ, ಕೋಳಿ ತೆಗೆದ ತಕ್ಷಣ ಹಾಕಿಬಿಡಿ. ರಾಜ್ಮಾ ಕಾಳನ್ನು ತೆಂಗಿನ ಹಾಲಿನಲ್ಲಿ ಅಕ್ಕಿಯ ಜೊತೆ ಬೇಯಿಸಿದ ಅನ್ನವೂ ಅಲ್ಲಿಯದೇ, ಭಾನುವಾರದ ಊಟ.

ಮಸಾಲೆ ಉಳಿದರೆ, ಹಸಿ ಕೋಳಿ ಮುಟ್ಟದೆ ಮೊದಲೇ ತೆಗೆದಿಟ್ಟದ್ದಾದರೆ ಮಾತ್ರ, ಗಾಜಿನ ಬಾಟಲಿಯಲ್ಲಿ ತುಂಬಿ ಮೇಲೆ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಡಿ. ಮುಂದಿನ ವಾರಕ್ಕೆ ಬೇಕಾಗುತ್ತದೆ. ಹಂದಿ ತಿನ್ನುವವರಾದರೆ ಭುಜದ ಭಾಗವನ್ನು ಕೊಬ್ಬು ತೆಗೆಯದೆ ತನ್ನಿ. ಶಾಖ ಕೋಳಿಗಿಂತ ಕಡಿಮೆ ಇರಲಿ, ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ಇದ್ದಲು ಡಬಲ್ ತಂದಿಟ್ಟುಕೊಳ್ಳಿ.